ಗೋಪುರಗಳ ನಡುವಿನ ಮೀನುಕೊಳ

ಜಕಾರ್ತದಾಚೆ, ಸುಂಡಾ ಸೀಮೆಯ ಪಾಸಿರ್ ಹಂಜುವಾಂಗ್ ಗುಡ್ಡದ ಮೇಲೆ ಎರಡು ಗೋಪುರಗಳಿವೆ. ಒಂದರಿಂದ ಇನ್ನೊಂದಕ್ಕೆ ಮುನ್ನೂರು ಮೀಟರು. ಒಂದರ ತುದಿಯಿಂದ ಮೈಕ್ರೋವೇವ್ ಅಲೆ ಬಿಡುವುದು, ಇನ್ನೊಂದರ ತುದಿಗೆ ಹೊಸ ಆಂಟೆನಾ ಕಟ್ಟಿ ಅದನ್ನು ಹಿಡಿಯುವುದು, ಎಷ್ಟು ಹಿಡಿಯಿತು ಎಂದು ಬರೆದು ಸಹಿ ಹಾಕುವುದು. ಇಷ್ಟೇ ಕೆಲಸ. ಇಮಾಸ್ ಇದನ್ನು ಇಪ್ಪತ್ತೇಳು ವರ್ಷ ಮಾಡಿದ್ದಾಳೆ. ಅಷ್ಟರಲ್ಲಿ ಈ ಸರ್ಕಾರಿ ಸಂಸ್ಥೆಗೆ ಆರು ಮಂದಿ ಮುಖ್ಯಸ್ಥರು ಬಂದು ಹೋದರು, ಆರು ಮಂದಿಗೂ ಒಂದೊಂದು ಹುಚ್ಚು. ಒಬ್ಬ ಗೋಪುರಗಳಿಗೆ ಗುಲಾಬಿ ಬಣ್ಣ ಬಳಿಸಿದ. ಇನ್ನೊಬ್ಬ ದಿನಾ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೈಕಾಲು ಆಡಿಸಿದ. ಅವರನ್ನೆಲ್ಲ ಇಮಾಸ್ ಹೇಗೋ ಸಹಿಸಿದಳು. ಏಳನೆಯವನು ಬಂದನಲ್ಲ, ಪಾಕ್ ಗುಮಿಲಾರ್, ಎಂದರೆ ಗುಮಿಲಾರ್ ಸಾಹೇಬ, ಆ ಪುಣ್ಯಾತ್ಮ ಎರಡು ಗೋಪುರಗಳ ಸರಿಯಾಗಿ ನಡುಮಧ್ಯೆ ಮೀನು ಸಾಕಿದ.

ಆ ಜಾಗದಲ್ಲಿ ಮೊದಲು ಮೂರು ಸಾಲು ಕಬ್ಬಿಣದ ಜಾಲರಿ ಬೇಲಿ ಇತ್ತು. ಅಲೆಗಳು ನೆಟ್ಟಗೆ ಮಾತ್ರ ಹೋಗುವುದಿಲ್ಲ, ನೆಲಕ್ಕೆ ಬಡಿದು ಪುಟಿದು ಅಡ್ಡದಾರಿಯಿಂದಲೂ ಬರುತ್ತವೆ. ಹಾಗೆ ಬಂದದ್ದು ಅಳತೆಯನ್ನು ಕೆಡಿಸಬಾರದೆಂದು ಹಳಬರು ಹಾಕಿಸಿದ ಬೇಲಿ ಅದು. ಪಾಕ್ ಗುಮಿಲಾರ್ ಬಂದ ಮೊದಲ ವಾರವೇ ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿದ.

"ಏನ್ರೀ ಇದು, ಜೈಲಿನ ಥರ ಇದೆ! ಬಂದೋರು ಏನಂದ್ಕೋಬೇಕು?"

ಬೇಲಿ ಕಿತ್ತರು. ಕೊಳ ತೋಡಿದರು. ದಡದಲ್ಲಿ ಬಿದಿರಿನ ಗುಡಿಸಲು ಎದ್ದಿತು, ಅತಿಥಿಗಳು ಕಾಲು ಚಾಚಿ ಕೂತು ಉಣ್ಣಲಿಕ್ಕೆ. ಕೊಳದ ತುಂಬ ಗುರಾಮೆ ಮೀನು. ದಿನಾ ಮೂರು ಗಂಟೆಗೆ ಪಾಕ್ ಗುಮಿಲಾರ್ ತಾನೇ ಬಂದು ಹಿಡಿಹಿಡಿ ಆಹಾರ ಎರಚುತ್ತಿದ್ದ. ಬೇಲಿ ಯಾಕಿತ್ತು ಎಂದು ಇಮಾಸ್ ಒಂದು ಸಲ ಮೆತ್ತಗೆ ಹೇಳಿದಳು. ಆತ ನಕ್ಕು, ತೆಹ್ ಎಂದು, ಅಕ್ಕ ಎನ್ನುವ ಹಾಗೆ, ಕರೆದು, "ನೀರು ಎಷ್ಟು ಮಟ್ಟಸವಾಗಿದೆ ನೋಡಿ ತೆಹ್ ಇಮಾಸ್, ಹುಲ್ಲಿಗಿಂತ ಒಳ್ಳೇದೇ ಅಲ್ವಾ?" ಎಂದ. ಮಟ್ಟಸವಾದ ನೀರು ಅಲೆಗೆ ಕನ್ನಡಿ, ಅದೇ ತೊಂದರೆ ಎಂದು ಅವನ ತಲೆಗೆ ತುಂಬುವ ಶಕ್ತಿ ಯಾರಿಗಿತ್ತು? ಆಕೆ ಬಾಯಿ ಮುಚ್ಚಿಕೊಂಡು ಗೋಪುರ ಹತ್ತಿದಳು. ಅವತ್ತಿಂದ ಅವಳೂ, ಅಲೆ ಬಿಡುವ ಆಚೆ ಗೋಪುರದಲ್ಲಿದ್ದ, ಎಲ್ಲರೂ 'ಮಾಂಗ್' ಎಂದರೆ ಚಿಕ್ಕಪ್ಪ ಎಂದು ಕರೆಯುವ ಮಾಂಗ್ ದಾರ್ಜಾನೂ ವಾಕಿಟಾಕಿಯಲ್ಲಿ ಮೀನಿನ ಸಾಹೇಬನನ್ನು ಆಡಿಕೊಂಡು ನಗುವುದೇ ಒಂದು ಕಾಲಕ್ಷೇಪವಾಯಿತು.

ಆಗಲೇ ಬಂದದ್ದು ಹನ್ನೆರಡು ಆಂಟೆನಾಗಳ ಕೆಲಸ. ದಕ್ಷಿಣ ಕಡಲತೀರದ ಮುವಾರಾ ಜಂಬೆಯಲ್ಲಿ ಸುನಾಮಿಯ ದೊಡ್ಡ ಅಲೆ ಬರುವ ಮುಂಚೆ ಊರನ್ನು ಎಬ್ಬಿಸುವ ಸೈರನ್ನುಗಳಿವೆ. ಗುಡ್ಡದಿಂದ ಗುಡ್ಡಕ್ಕೆ ಸುದ್ದಿ ದಾಟಿಸಿ ಆ ಸೈರನ್ನುಗಳನ್ನು ಕೂಗಿಸಬೇಕಾದ ಆಂಟೆನಾಗಳು ಇವು. ಮೊದಲ ನಾಲ್ಕನ್ನು ಅಳೆದದ್ದೇ ತಡ, ಸಂಸ್ಥೆಯಲ್ಲಿ ಹಬ್ಬ. ಇಲ್ಲಿಯ ಎಂಜಿನಿಯರುಗಳೇ ಮಾಡಿದ ಆಂಟೆನಾ ಹೊರದೇಶದ್ದಕ್ಕಿಂತ ದುಪ್ಪಟ್ಟು ಬಲದ್ದಂತೆ! ಪತ್ರಿಕೆಯಲ್ಲಿ ಪಾಕ್ ಗುಮಿಲಾರನ ಫೋಟೋ ಬಂತು, ಹಿಂದೆ ಆಂಟೆನಾ, ಮುಂದೆ ಹೊಟ್ಟೆ. ಇಮಾಸ್ ನಾಲ್ಕಕ್ಕೂ ಸಹಿ ಹಾಕಿದಳು. ನಾಲ್ಕೂ ಹೋಗಿ ಮುವಾರಾ ಜಂಬೆಯ ಗುಡ್ಡಗಳ ಮೇಲೆ ಕೂತವು.

ಐದನೆಯದನ್ನು ಅಳೆಯುವ ದಿನ, ಮೂರು ಗಂಟೆಯ ಹೊತ್ತಿಗೆ, ಇಮಾಸಳ ಮುಂದಿನ ಪರದೆಯ ಮೇಲಿನ ಗೆರೆ ಗಡಗಡ ನಡುಗತೊಡಗಿತು.

ಆಗ ಗೋಪುರದ ತುದಿಯಲ್ಲಿ ಇದ್ದದ್ದು ಹಿತ್ತಾಳೆಯ ಹಾರ್ನ್, ಕಹಳೆಯಂಥ ಬಾಯಿಯ ಹಳೇ ಆಂಟೆನಾ. ಅದರ ಬಲ ಎಷ್ಟೆಂದು ಎಲ್ಲರಿಗೂ ಗೊತ್ತು. ಮೊದಲು ಅದನ್ನು ಕಟ್ಟಿ ಅಳೆಯಬೇಕು, ಆಮೇಲೆ ಅದೇ ಜಾಗದಲ್ಲಿ ಹೊಸ ಆಂಟೆನಾ ಕಟ್ಟಬೇಕು. ಹಾರ್ನಿಗಿಂತ ಎಷ್ಟು ಹೆಚ್ಚು ಹಿಡಿಯಿತೋ ಅಷ್ಟು ಅದರ ಹೆಚ್ಚುಗಾರಿಕೆ. ಎಂದರೆ ಹಾರ್ನ್ ಇಲ್ಲಿ ಅಳತೆಗೋಲು. ಗೋಲೇ ಮೋಟಾಗಿದ್ದರೆ ಕುಳ್ಳನೂ ಉದ್ದಕ್ಕೆ ಕಾಣುತ್ತಾನೆ.

ಇಮಾಸ್ ವಾಕಿಟಾಕಿ ಎತ್ತಿಕೊಂಡಳು. "ಮಾಂಗ್, ಗೆರೆ ಯಾಕೆ ನಡುಗ್ತಿದೆ? ಅಲ್ಲಿ ನೀನೇನಾದ್ರೂ ಮುಟ್ಟಿದ್ಯಾ?"

"ನಾನಾ? ನಾನೇನೂ ಮುಟ್ಟಿಲ್ಲ ತೆಹ್. ಸಿಗರೇಟ್ ಸೇದ್ಕೊಂಡು ಕೂತಿದ್ದೀನಿ."

"ಗಾಳಿ ಇದೆಯಾ?"

"ಒಂದೆಲೆನೂ ಅಲ್ಲಾಡ್ತಿಲ್ಲ. ಸಾಹೇಬ್ರು ಮೀನಿಗೆ ಊಟ ಹಾಕ್ತಿದ್ದಾರೆ, ಅಷ್ಟೇ. ಅಬ್ಬಬ್ಬಾ, ಹೆಂಗ್ ಎಗರ್ತಾವೆ ಅಂತೀಯ! ಬೋನಸ್ ಕೊಡೋ ದಿನ ನಮ್ಮ ಆಫೀಸಲ್ಲೂ ಯಾರೂ ಹಿಂಗ್ ಎಗರಲ್ಲ."

ಇಮಾಸ್ ನಗಲಿಲ್ಲ. ಕಿಟಕಿಗೆ ಹೋಗಿ ನೋಡಿದಳು. ಪಾಕ್ ಗುಮಿಲಾರ್ ಖಾಲಿ ಬುಟ್ಟಿ ಕೊಡವಿ ಹೊರಟ. ನೀರು ಸುಮ್ಮನಾಯಿತು. ತಿರುಗಿ ಬಂದು ಪರದೆ ನೋಡಿದರೆ ಗೆರೆಯೂ ಸುಮ್ಮನಾಗಿತ್ತು.

ಗೋಡೆಯ ಮೇಲೆ ಅವಳದೇ ಕೈಬರಹದಲ್ಲಿ ಒಂದು ನಿಯಮ ಅಂಟಿಸಿತ್ತು. ದಿನಾ ಬೆಳಿಗ್ಗೆ ಹಾರ್ನನ್ನು ಒಂದು ಮೀಟರು ಮೇಲಕ್ಕೆ, ಒಂದು ಮೀಟರು ಕೆಳಕ್ಕೆ ಆಡಿಸಿ ನೋಡಬೇಕು. ಗೆರೆ ಅಲ್ಲಾಡದಿದ್ದರೆ ಮೈದಾನ ಶುದ್ಧ, ಆಮೇಲೆ ಅಳತೆ. ಹೊಸದಾಗಿ ಕೆಲಸಕ್ಕೆ ಸೇರಿದವರ ಕಿವಿ ಹಿಂಡಿ ಕಲಿಸಿದವಳು ಅವಳೇ. ಆದರೆ ಹಾರ್ನ್ ಎತ್ತುವ ರಾಟೆ ಬಿಗಿ. ಅವಳಿಗೆ ಮೊಣಕಾಲು ನೋವು. ಇಪ್ಪತ್ತೈದು ವರ್ಷ ಅಲ್ಲಾಡದ ಗೆರೆ ಈಗೇನು ಅಲ್ಲಾಡೀತು ಎಂದು ಎರಡು ವರ್ಷದಿಂದ ಆಕೆ ರಾಟೆಯನ್ನು ಮುಟ್ಟಿಯೇ ಇರಲಿಲ್ಲ. ವರದಿಯಲ್ಲಿ 'ಹಾರ್ನ್ ಆಡಿಸಿ ನೋಡಿದೆ' ಎಂಬ ಚೌಕವಿದೆ, ಅದರಲ್ಲಿ ಟಿಕ್ ಮಾತ್ರ ತಪ್ಪದೆ ಬೀಳುತ್ತಿತ್ತು. ಬೇಲಿ ಹೋದ ಮೇಲೂ, ಕೊಳ ಬಂದ ಮೇಲೂ ಬಿತ್ತು. ಸಾಹೇಬನನ್ನು ಆಡಿಕೊಂಡು ನಗುವುದರಲ್ಲೇ ಹೊತ್ತು ಹೋಗಿ, ಅವನ ಕೊಳ ಏನು ಮಾಡುತ್ತಿದೆ ಎಂದು ನೋಡುವುದಕ್ಕೆ ಅವಳಿಗೆ ಪುರುಸೊತ್ತಾಗಿರಲಿಲ್ಲ.

ಅವತ್ತು ಹಲ್ಲು ಕಚ್ಚಿ ರಾಟೆ ತಿರುಗಿಸಿದಳು. ಹಾರ್ನ್ ಒಂದು ಮೀಟರು ಮೇಲೇರುವಷ್ಟರಲ್ಲಿ ಗೆರೆ ಮೂರು ಡೆಸಿಬಲ್ ಮೇಲೆ ಹೋಗಿತ್ತು. ಮೂರು ಡೆಸಿಬಲ್ ಎಂದರೆ ಹೆಚ್ಚುಕಡಿಮೆ ದುಪ್ಪಟ್ಟು. ಕೊಳದ ನೀರಿಗೆ ಬಡಿದು ಬಂದ ಅಲೆ ನೆಟ್ಟಗೆ ಬಂದ ಅಲೆಯನ್ನು ಅರ್ಧ ತಿಂದುಹಾಕುತ್ತಿತ್ತು. ಅಗಲ ಬಾಯಿಯ ಹಾರ್ನ್ ಎರಡನ್ನೂ ಹಿಡಿದು ಸೊರಗಿತ್ತು, ಆಂಟೆನಾ ನೆಟ್ಟಗಿನದನ್ನು ಮಾತ್ರ ಹಿಡಿಯುತ್ತಿತ್ತು. ದೇಶ ಕೊಂಡಾಡಿದ ಆ ದುಪ್ಪಟ್ಟು ಬಲ ಗುರಾಮೆ ಮೀನಿನ ಕೊಳದ್ದು.

ಆಕೆ ನೇರ ಪಾಕ್ ಗುಮಿಲಾರನ ಕೋಣೆಗೆ ಹೋದಳು.

"ಪಾಕ್, ಕೊಳದ ನೀರು ಹಾರ್ನ್ ಅಳತೆ ಕೆಡಿಸ್ತಿದೆ. ಆಂಟೆನಾ ದುಪ್ಪಟ್ಟು ಅಂತ ನಾವು ಬರ್ದಿದ್ದು ಸುಳ್ಳು. ಅದರ ಬಲ ಅರ್ಧ ಅಷ್ಟೇ."

ಆತ ಮುಗುಳ್ನಕ್ಕ. "ತೆಹ್ ಇಮಾಸ್, ಊಟ ಆಯ್ತಾ?"

"ಪಾಕ್?"

"ಹೊತ್ತಿಗೆ ಸರಿಯಾಗಿ ಊಟ ಮಾಡ್ದಿದ್ರೆ ಹಿಂಗೆಲ್ಲ ಅನ್ಸುತ್ತೆ. ಮಂತ್ರಿಗಳೇ ಫೋನ್ ಮಾಡಿ ಹೊಗಳಿದ್ದಾರೆ. ಈಗ ನೀವು ಬಂದು ಎಲ್ಲ ಮೀನಿನ ಮಹಿಮೆ ಅಂತೀರಾ?"

"ಮೀನಲ್ಲ ಪಾಕ್, ನೀರು."

"ಮೀನೋ ನೀರೋ. ನಾನೂ ಡಾಕ್ಟರೇಟ್ ಮಾಡಿದೋನೇ." ಮಾಡಿದ್ದು ಆಡಳಿತ ಶಾಸ್ತ್ರದಲ್ಲಿ. ಕಚೇರಿ ಕಡತಗಳ ಬಣ್ಣದ ಮೇಲೆ ಮುನ್ನೂರು ಪುಟ.

"ಮಳೆ ಜೋರಾದ್ರೆ ಅಲೆ ಸೊರಗುತ್ತೆ ಪಾಕ್. ಇಷ್ಟು ಬಲ ಇದೆ ಅಂತ ನಂಬಿ ಒಂದಕ್ಕೊಂದು ಅಷ್ಟು ದೂರ ಇಟ್ಟಿದ್ದಾರೆ. ಮಳೆ ದಿನ ಆ ಸೈರನ್ ಕೂಗಲ್ಲ. ಇನ್ನೊಂದು ತಿಂಗ್ಳಿಗೆ ಮಳೆ ಶುರು. ಆ ನಾಲ್ಕನ್ನ ಇಳಿಸ್ಲೇಬೇಕು."

ಆತ ಮೊದಲ ವರದಿಯನ್ನು ಎತ್ತಿ ಅವಳ ಕಡೆ ತಿರುಗಿಸಿದ. "ಇದು ಯಾರ ಸಹಿ?"

"ನಂದು."

"ಈ ಟಿಕ್?"

ಇಮಾಸ್ ವರದಿಯನ್ನು ಮಗುಚಿಟ್ಟಳು.

"ಮತ್ತೆ? ನಾನೇನು ಹಾಕ್ಲಿಲ್ಲಪ್ಪ. ಸುಮ್ಮನೆ ಉಳಿದ ಎಂಟಕ್ಕೂ ಹಾಕಿಬಿಡಿ. ನಿವೃತ್ತಿಗೆ ಇನ್ನು ಮೂರು ವರ್ಷ ಅಲ್ವಾ? ಉಗ್ರಾಣದಲ್ಲಿ ನಟ್ಟು ಬೋಲ್ಟು ಎಣಿಸೋಕೆ ಒಬ್ರು ಬೇಕಂತೆ, ಬಿಸಿಲು ಗಾಳಿ ಏನೂ ಇರಲ್ಲ ಅಲ್ಲಿ." ಇಷ್ಟನ್ನೂ ಆತ ನಗುನಗುತ್ತಲೇ ಹೇಳಿದ. ಈ ಸೀಮೆಯಲ್ಲಿ ಕತ್ತು ಹಿಸುಕುವವರೂ ಮೊದಲು ಚಹಾ ಕೊಡುತ್ತಾರೆ.

"ಜಕಾರ್ತದ ದೊಡ್ಡ ಆಫೀಸಿಗೆ ಫೋನ್ ಮಾಡು," ಎಂದ ಮಾಂಗ್ ದಾರ್ಜಾ, ಮರುದಿನ ವಾಕಿಟಾಕಿಯಲ್ಲಿ.

"ಮಾಡ್ದೆ. ಮುಖ್ಯಸ್ಥರ ಮೂಲಕ ಪತ್ರ ಬರೀರಿ ಅಂದ್ರು."

"ಸೂಪರ್. ಕಳ್ಳನ ಕೈಲೇ ಕಂಪ್ಲೇಂಟ್ ಕೊಟ್ಟು ಕಳ್ಸಿ ಅಂದಂಗಾಯ್ತು."

ಉಳಿದ ಎಂಟನ್ನು ಒಪ್ಪಿಕೊಳ್ಳಲು ಜಕಾರ್ತದಿಂದಲೇ ತಪಾಸಣೆಯವರು ಬರುವುದಿತ್ತು. ಬು ತಿಯುರ್ಮಾ, ಎಂದರೆ ತಿಯುರ್ಮಾ ಮೇಡಂ, ಅಂತ ಹೆಸರು, ಸುಮಾತ್ರಾದ ಬತಾಕ್ ಕುಲದ ನೇರ ಮಾತಿನ ಹೆಂಗಸು. ಕಣ್ಣಿಗೆ ಕಂಡದ್ದನ್ನೇ ನಂಬುವವಳು, ಬೇರೆ ಮಾತೇ ಇಲ್ಲ ಎಂದು ಸುದ್ದಿ. ಅವಳಿಗೆ ಬಾಯಲ್ಲಿ ಹೇಳಿದರೆ ಪಾಕ್ ಗುಮಿಲಾರ್ ನಗುನಗುತ್ತ ಊಟದ ವಿಚಾರ ಎತ್ತುತ್ತಾನೆ. ಹೇಳಬಾರದು, ತೋರಿಸಬೇಕು. ಹಾರ್ನ್ ಏರಿಸಿ ತೋರಿಸಿದರೆ ರಾಟೆಯ ದೋಷ ಎಂದಾನು. ತೋರಿಸಬೇಕೆಂದರೆ ಕೊಳ ಖಾಲಿಯಾಗಬೇಕು. ತನ್ನ ಕೊಳವನ್ನು ಪಾಕ್ ಗುಮಿಲಾರ್ ತಾನಾಗಿ ಖಾಲಿ ಮಾಡಿಸುತ್ತಾನೆಯೇ?

ಮಾಡಿಸುತ್ತಾನೆ, ಬೆಣ್ಣೆ ಹಚ್ಚಿದರೆ. ಅತಿಥಿ ಸತ್ಕಾರದ ಸಭೆಯಲ್ಲಿ ಕೋಳಿ ತರಿಸುವ ಮಾತು ನಡೆಯುತ್ತಿದ್ದಾಗ ಇಮಾಸ್ ಕೈಕಟ್ಟಿ ನಿಂತು ಬಾಯಿ ಬಿಟ್ಟಳು.

"ಪಾಕ್, ಸಣ್ಣ ಮಾತು. ಜಕಾರ್ತದ ದೊಡ್ಡೋರು ಕೋಳಿ ತಿಂದು ತಿಂದು ಸಾಕಾಗಿರ್ತಾರೆ. ನಮ್ಮ ಕಡೆ ದೊಡ್ಡ ಮನೆತನದೋರು ಮಾಡೋ ಹಾಗೆ ಕೊಳ ಒಡೆಸಿದ್ರೆ?"

ಸುಂಡಾ ಸೀಮೆಯಲ್ಲಿ ಗಣ್ಯರು ಬಂದಾಗ ಕೊಳದ ನೀರು ಬಸಿದು, ಎಲ್ಲರೂ ಕೆಸರಿಗಿಳಿದು ಕೈಯಿಂದಲೇ ಮೀನು ಹಿಡಿದು, ಅಲ್ಲೇ ಸುಟ್ಟು ಉಣ್ಣುತ್ತಾರೆ. ಹಿಂದೆ ಜಮೀನ್ದಾರರಿಗೆ ಮಾತ್ರ ಇದ್ದ ಮರ್ಯಾದೆ ಅದು. ಪಾಕ್ ಗುಮಿಲಾರನ ಮುಖ ಊರಗಲವಾಯಿತು.

"ನಾನೂ ಅದನ್ನೇ ಯೋಚಿಸ್ತಿದ್ದೆ," ಎಂದ. ಯೋಚನೆ ಅವನ ತಲೆಯ ಹತ್ತಿರ ಸುಳಿದೂ ಇರಲಿಲ್ಲ. "ಎಷ್ಟು ಗಂಟೆಗೆ ಒಡೆಸೋಣ?"

"ಹತ್ತಕ್ಕೆ ಪಾಕ್. ಅಷ್ಟೊತ್ತಿಗೆ ಮೊದಲ ಅಳತೆ ಮುಗ್ದಿರುತ್ತೆ, ಮಧ್ಯಾಹ್ನದ ಹೊತ್ತಿಗೆ ಮೀನು ಸುಟ್ಟಿರುತ್ತೆ."

"ನೋಡಿ, ಹಳಬರಿಗೆ ಇಂಥದ್ದೆಲ್ಲ ಗೊತ್ತಿರುತ್ತೆ," ಎಂದು ಆತ ಸಭೆಗೆ ಹೇಳಿದ. ಸಭೆ ತಲೆಯಾಡಿಸಿತು. ಆ ಸಭೆಗೆ ಬೇರೇನೂ ಬರುವುದೂ ಇಲ್ಲ.

ಬು ತಿಯುರ್ಮಾ ಬಂದಳು. ಗಟ್ಟಿ ಧ್ವನಿ, ಮಣ್ಣು ಮೆತ್ತಿದ ಬೂಟು, ಕಂಕುಳಲ್ಲಿ ಕಡತ. ಪಾಕ್ ಗುಮಿಲಾರ್ ಹೂಗುಚ್ಛ ಕೊಟ್ಟರೆ ಅದನ್ನು ಡ್ರೈವರಿಗೆ ಕೊಟ್ಟು, "ಎಲ್ಲಿ ಅಳೀತೀರಿ?" ಎಂದಳು. ಗೋಪುರದ ಕೋಣೆಯಲ್ಲಿ ಇಮಾಸಳ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಮೊದಲು ಹಾರ್ನ್, ಆಮೇಲೆ ಐದನೆಯ ಆಂಟೆನಾ. ಅಂಕಿ ಬಂತು, ದುಪ್ಪಟ್ಟು.

"ಹ್ಞೂಂ," ಎಂದಳು ಬು ತಿಯುರ್ಮಾ, ಸ್ವಲ್ಪ ಬೇಸರದಿಂದ. "ಸುಳ್ಳಿರುತ್ತೆ ಅಂದ್ಕೊಂಡು ಬಂದಿದ್ದೆ."

"ಹಾರ್ನ್ ಇನ್ನೊಂದ್ ಸಲ ಕಟ್ತೀನಿ ಬು. ಎರಡು ಸಲ ನೋಡೋದು ಪದ್ಧತಿ." ಇಮಾಸ್ ಹಾಗೆಂದಾಗ ಅವಳ ಕಿವಿ ಬಿಸಿಯಾಯಿತು. ಆ ಪದ್ಧತಿಯನ್ನು ಅವಳು ಎಷ್ಟು ಪಾಲಿಸಿದ್ದಳೆಂದು ಅವಳಿಗೇ ಗೊತ್ತು.

ಕೆಳಗೆ ಕೊಳದ ತೂಬು ತೆಗೆದರು. ಪರದೆಯ ಮೇಲಿನ ಗೆರೆ ಮೊದಲು ಕುಡಿದವರಂತೆ ತೂರಾಡಿತು. ನೀರು ಇಳಿದ ಹಾಗೆ ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಬು ತಿಯುರ್ಮಾ ಕನ್ನಡಕ ಏರಿಸಿದಳು. ಅರ್ಧ ಗಂಟೆಯಲ್ಲಿ ಗೆರೆ ಮೂರು ಡೆಸಿಬಲ್ ಏರಿ ಗಟ್ಟಿಯಾಗಿ ನಿಂತಿತು.

"ಅದೇ ಹಾರ್ನ್ ಅಲ್ವಾ?"

"ಅದೇ."

"ಅದೇ ಜಾಗ?"

"ಒಂದಂಗುಲ ಆಚೀಚೆ ಇಲ್ಲ."

"ಹಂಗಾದ್ರೆ ಆಂಟೆನಾ ದುಪ್ಪಟ್ಟಲ್ಲ. ಏನ್ರೀ ಬದಲಾಯ್ತು ಇಲ್ಲಿ?"

ಇಮಾಸ್ ಗದ್ದ ಎತ್ತಿ ಕಿಟಕಿಯ ಕಡೆ ತೋರಿಸಿದಳು. ಎರಡು ಗೋಪುರಗಳ ನಡುವೆ, ನೀರಿದ್ದ ಜಾಗದಲ್ಲಿ, ಸಂಸ್ಥೆಯ ಮುಖ್ಯಸ್ಥ ಪಾಕ್ ಗುಮಿಲಾರ್ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ. ಎರಡು ಕೈಯಲ್ಲೂ ಒದ್ದಾಡುವ ಒಂದು ಭಾರಿ ಗುರಾಮೆ. ಗೋಪುರದ ಕಡೆ ನೋಡಿ ಅದನ್ನು ಎತ್ತಿ ಹಿಡಿದು ಹಲ್ಲು ಕಿರಿಯುತ್ತಿದ್ದ. ಬು ತಿಯುರ್ಮಾ ಅವನನ್ನು ನೋಡಿದಳು, ಪರದೆ ನೋಡಿದಳು, ಇನ್ನೊಮ್ಮೆ ಅವನನ್ನು ನೋಡಿದಳು.

"ಅಯ್ಯೋ ದೇವರೇ," ಎಂದಳು. "ಅಳೆಯೋ ಮೈದಾನದ ಮಧ್ಯೆ ಕೊಳ ತೋಡಿದ ಮಹಾನುಭಾವ ಇವನೇನಾ?"

ವಾಕಿಟಾಕಿಯಲ್ಲಿ ಮಾಂಗ್ ದಾರ್ಜಾ ಕೆಮ್ಮುವವನಂತೆ ನಕ್ಕದ್ದು ಕೇಳಿಸಿತು.

ಬಿದಿರಿನ ಗುಡಿಸಲಿನಲ್ಲಿ ಬಾಳೆಯೆಲೆ ಉದ್ದಕ್ಕೆ ಹಾಸಿ ಅನ್ನ, ಸಂಬಲ್ ಚಟ್ನಿ, ಸುಟ್ಟ ಮೀನು ಸುರಿದಿದ್ದರು. ಬು ತಿಯುರ್ಮಾ ಎಲೆಯ ಮುಂದೆ ಕೂತಳು, ಅನ್ನ ಮುಟ್ಟಲಿಲ್ಲ. ಕಡತ ತೆರೆದಳು.

"ಪಾಕ್, ನಿಮ್ಮ ಆಂಟೆನಾ ಬಲ ಅರ್ಧ. ಉಳಿದರ್ಧ ಇಗೋ, ಎಲೆ ಮೇಲೆ ಇದೆ. ನಾಲ್ಕು ಆಗ್ಲೇ ಸಮುದ್ರದ ದಡದಲ್ಲಿ ಕೂತಿವೆ. ಇದಕ್ಕೆ ಯಾರು ಜವಾಬ್ದಾರಿ?"

ಪಾಕ್ ಗುಮಿಲಾರ್ ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದ. ಮುಖದಲ್ಲಿ ಕೆಸರು, ಕೆಸರಿನ ಮೇಲೆ ಅದೇ ನಗು. "ತಪ್ಪು ಯಾರಿಗೆ ಆಗಲ್ಲ ಬು? ಆಡಳಿತದಲ್ಲಿ ತಪ್ಪಿಲ್ಲ. ಹಾರ್ನ್ ಆಡಿಸಿ ನೋಡಿದೆ ಅಂತ ಟಿಕ್ ಹಾಕಿ ಸಹಿ ಮಾಡಿದ್ದಾರೆ ನಮ್ಮ ತಂತ್ರಜ್ಞರು. ನಾನು ನಂಬಿದೆ."

ಎಲೆಯ ಸುತ್ತ ಕೂತವರೆಲ್ಲ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದರು. ಬು ತಿಯುರ್ಮಾ ಇಮಾಸಳ ಕಡೆ ತಿರುಗಿದಳು. ಸುಮ್ಮನಿದ್ದರೂ ಆಗುತ್ತಿತ್ತು. ರಾಟೆ ಕೆಟ್ಟಿತ್ತು ಎಂದರೂ ಆಗುತ್ತಿತ್ತು, ಮಾಂಗ್ ದಾರ್ಜಾ ಅದಕ್ಕೆ ಸಾಕ್ಷಿ ಹೇಳುತ್ತಿದ್ದ. ಎದುರಿಗೆ ಕೂತ ಆ ಕೆಸರು ಮೂತಿಯ ಮೇಲೆ ಇಷ್ಟು ದಿನ ಇದ್ದ ತಿರಸ್ಕಾರವೆಲ್ಲ ಈಗ ಇಮಾಸಳ ಕಡೆಗೇ ತಿರುಗಿತು.

"ಹೌದು ಬು. ಕೊಳ ಅವರದ್ದು, ಟಿಕ್ ನಂದು. ನಾನು ಹಾರ್ನ್ ಆಡಿಸ್ಲಿಲ್ಲ. ಎರಡು ವರ್ಷದಿಂದ ಆಡಿಸಿಲ್ಲ. ಮೊಣಕಾಲು ನೋವು ಅಂತ ಅಲ್ಲ, ಸೊಕ್ಕು. ಇವರು ಮೀನು ಸಾಕ್ತಾರೆ ಅಂತ ಮೇಲೆ ಕೂತು ನಗ್ತಿದ್ದೆ."

"ಬರ್ದು ಕೊಡ್ತೀರಾ?"

"ಕೊಡ್ತೀನಿ."

"ನಾನೇನು ನಿಮ್ಮನ್ನ ಹೊಗಳಲ್ಲ ಬು ಇಮಾಸ್. ಸುಳ್ಳು ಟಿಕ್ ಹಾಕಿದ ಕೈ ಮತ್ತೆ ಸಹಿ ಹಾಕಂಗಿಲ್ಲ. ನಿಯಮ."

"ಗೊತ್ತು. ನಾಲ್ಕನ್ನೂ ಇಳಿಸ್ತೀರಾ?"

"ಈ ವಾರವೇ."

"ಮಳೆಗೆ ಮುಂಚೆ?"

"ಈ ವಾರ ಅಂದ್ನಲ್ಲ."

ಇಮಾಸ್ ಕೈತೊಳೆದು ಅಲ್ಲೇ ಕೂತು ಬರೆದಳು. ಕಾಗದದ ಅಂಚಿಗೆ ಸಂಬಲಿನ ಎಣ್ಣೆ ತಾಗಿತು. ಅವಳು ಸಹಿ ಹಾಕಿದ್ದು ಅದೇ ಕೊನೆ.

ಆಮೇಲಿನದನ್ನು ಹೇಳಿದರೆ ಹೊಟ್ಟೆ ಉರಿಯುತ್ತದೆ, ಆದರೂ ಹೇಳಬೇಕು. ಆಂಟೆನಾದ ದೋಷವನ್ನು 'ಸಕಾಲದಲ್ಲಿ ಪತ್ತೆ ಹಚ್ಚಿದ್ದಕ್ಕೆ' ಪಾಕ್ ಗುಮಿಲಾರನಿಗೆ ಪ್ರಶಂಸಾಪತ್ರ ಬಂತು, ಹಿಂದೆಯೇ ಬಡ್ತಿಯೂ ಬಂತು. ಆತ ಈಗ ಜಕಾರ್ತದಲ್ಲಿ ಇದ್ದಾನೆ, ಆಫೀಸಿನ ಮುಂದೆ ಕಾರಂಜಿ ಕಟ್ಟಿಸುತ್ತಿದ್ದಾನಂತೆ. ಇಮಾಸ್ ಉಗ್ರಾಣಕ್ಕೆ ಹೋದಳು. ನಿಜಕ್ಕೂ ಅಲ್ಲಿ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಕೊಳಕ್ಕೆ ಮಣ್ಣು ತುಂಬಿದರು, ಮೂರು ಸಾಲು ಬೇಲಿ ಮತ್ತೆ ಎದ್ದಿತು. ಆಂಟೆನಾ ಅಳೆಯುವುದು ಮಾಂಗ್ ದಾರ್ಜಾನ ಪಾಲಿಗೆ ಬಂತು.

ಮೊದಲ ದೊಡ್ಡ ಮಳೆ ಬಿದ್ದ ದಿನ ಇಮಾಸ್ ಬೋಲ್ಟುಗಳನ್ನು ಡಬ್ಬಿಗೆ ಹಾಕುತ್ತಿದ್ದಳು. ತಗಡಿನ ಮಾಡಿನ ಮೇಲೆ ಮಳೆ ಕಿವಿ ಕಿವುಡಾಗುವಂತೆ ಬಡಿಯುತ್ತಿತ್ತು. ಎದುರಿನ ಗೋಡೆಗೆ ನಾಲ್ಕು ಆಂಟೆನಾಗಳನ್ನು ಒರಗಿಸಿದ್ದರು, ಮುವಾರಾ ಜಂಬೆಯಿಂದ ಇಳಿಸಿ ತಂದವು. ನಾಲ್ಕರ ಬೆನ್ನಿಗೂ ಅಳತೆಯ ಚೀಟಿ, ಚೀಟಿಯ ಮೇಲೆ ಅವಳ ಸಹಿ. ಇಂಥ ಮಳೆಯಲ್ಲಿ ಆ ಗುಡ್ಡಗಳ ಮೇಲೆ ಇವು ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದವು. ಚೀಟಿಗಳನ್ನು ಕಿತ್ತುಹಾಕಬೇಡ ಎಂದು ಯಾರೂ ಹೇಳಿರಲಿಲ್ಲ. ಅವಳೇ ಕಿತ್ತಿರಲಿಲ್ಲ.

ಮಳೆ ನಿಂತ ಮೇಲೆ ವಾಕಿಟಾಕಿ ಗರಗರ ಎಂದಿತು. ಹಳೆಯದೊಂದನ್ನು ಮಾಂಗ್ ದಾರ್ಜಾ ಕದ್ದು ತಂದು ಅವಳ ಮೇಜಿನ ಮೇಲೆ ಇಟ್ಟಿದ್ದ.

"ತೆಹ್, ಹಾರ್ನ್ ಆಡಿಸ್ದೆ. ಗೆರೆ ಅಲ್ಲಾಡ್ಲಿಲ್ಲ. ಟಿಕ್ ಹಾಕ್ಲಾ?"

"ಮೇಲಕ್ಕೂ ಕೆಳಕ್ಕೂ ಆಡಿಸಿದ್ಯಾ?"

"ಮೇಲಕ್ಕೆ ಮಾತ್ರ. ರಾಟೆ ತುಂಬ ಬಿಗಿ ಇದೆ ತೆಹ್."

"ನಂಗೊತ್ತಿಲ್ವಾ ಅದು ಬಿಗಿ ಅಂತ?" ಎಂದಳು ಇಮಾಸ್. "ಪೆನ್ನು ಕೆಳಗಿಡು. ಹೋಗಿ ಕೆಳಕ್ಕೂ ಆಡಿಸು. ನಾನು ಇಲ್ಲೇ ಕಾಯ್ತಿರ್ತೀನಿ."